ಬಲೆಗೆ ಬಡಿದ ಚೆಂಡು ಇನ್ನೂ ಆಟದಲ್ಲೇ ಇದೆ: ಅರೀನಾ ಫುಟ್‌ಬಾಲ್‌ನ ನಿಯಮ, ಲೀಗಿನ ಏಳುಬೀಳು

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಅಳಿಯ ಹಳೆಯ ಅರೀನಾ ಫುಟ್‌ಬಾಲ್ ಪಂದ್ಯದ ವಿಡಿಯೊ ಕಳಿಸಿದ್ದರು. ಗೋಲುಕಂಬದ ಪಕ್ಕದ ಬಲೆಗೆ ಬಡಿದು ಹಿಂದಕ್ಕೆ ಬಂದ ಚೆಂಡನ್ನು ಒಬ್ಬ ಹಿಡಿದು, ಆ ತುದಿಯಿಂದ ಈ ತುದಿಗೆ ಓಡಿ ಅಂಕ ತೆಗೆದ. ಇದು ನಿಜವಾಗಿಯೂ ನಿಯಮವೇ? ನಾಲ್ಕನೇ ಡೌನ್‌ನಲ್ಲಿ, ಅಂದರೆ ನಾಲ್ಕನೇ ಯತ್ನದಲ್ಲಿ, ಯಾರೂ ಚೆಂಡನ್ನು ದೂರಕ್ಕೆ ಒದ್ದು ಪಂಟ್ ಮಾಡಲಿಲ್ಲ, ಅದೇಕೆ? ಇಷ್ಟು ಚುರುಕಾದ ಆಟದ ಲೀಗ್ ಎರಡು ಸಲ ದಿವಾಳಿಯಾಯಿತಂತೆ, ಹೇಗೆ?

ಉತ್ತರ: ಹೌದು, ನಿಯಮವೇ. ಆ ಬಲೆ ಚೆಂಡು ಹೊರಗೆ ಹೋಗದಂತೆ ಕಟ್ಟಿದ ತಡೆಯಲ್ಲ, ಅದು ಅಂಗಳದ್ದೇ ಒಂದು ಭಾಗ. ಕೇರಂನಲ್ಲಿ ಸ್ಟ್ರೈಕರ್ ಅಂಚಿಗೆ ಬಡಿದು ವಾಪಸ್ ಬಂದರೆ ಹೇಗೆ ಆಟ ನಿಲ್ಲುವುದಿಲ್ಲವೋ ಹಾಗೆ. ನಿಮ್ಮ ಉಳಿದೆರಡು ಪ್ರಶ್ನೆಗಳಿಗೂ ಉತ್ತರ ಈ ಬಲೆಯ ಸುತ್ತಲೇ ಇದೆ.

ಹೆಸರಿನ ಗೊಂದಲ ಮೊದಲು ಬಿಡಿಸಿಬಿಡೋಣ. ಇದು ನಾವು ಕಾಲಲ್ಲಿ ಒದ್ದು ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡು, ಹೆಲ್ಮೆಟ್, ಭುಜದ ಕವಚ ಇರುವ ಅಮೆರಿಕನ್ ಫುಟ್‌ಬಾಲನ್ನು ಛಾವಣಿಯ ಕೆಳಗೆ ತಂದ ರೂಪ. ತಮಾಷೆಯೆಂದರೆ ಇದು ಹುಟ್ಟಿದ್ದು ನಮ್ಮ ಮಾಮೂಲಿ ಫುಟ್‌ಬಾಲ್ ನೋಡುತ್ತಿದ್ದಾಗ. 1981ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಳಾಂಗಣ ಸಾಕರ್ ಲೀಗಿನ ಆಲ್‌ಸ್ಟಾರ್ ಪಂದ್ಯ ನಡೆಯುತ್ತಿತ್ತು. ಪ್ರೇಕ್ಷಕರ ನಡುವೆ ಜಿಮ್ ಫೋಸ್ಟರ್ ಕೂತಿದ್ದರು; ಆಗ ಅವರಿಗೆ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನಲ್ಲಿ ಪ್ರಚಾರ ವಿಭಾಗದ ಕೆಲಸ. ಸಾಕರನ್ನು ಐಸ್ ಹಾಕಿ ಅಂಗಳಕ್ಕೆ ಇಳಿಸಬಹುದಾದರೆ ಅಮೆರಿಕನ್ ಫುಟ್‌ಬಾಲನ್ನೇಕೆ ಇಳಿಸಬಾರದು ಎಂದುಕೊಂಡು, ಕೈಯಲ್ಲಿದ್ದ ಕಂದು ಲಕೋಟೆಯ ಮೇಲೆ ಅಂಗಳದ ನಕ್ಷೆ ಗೀಚಿದರು.

ಛಾವಣಿಯಡಿ ಈ ಆಟ ಅದಕ್ಕೂ ಹಿಂದೆ ನಡೆದದ್ದುಂಟು. 1932ರ ಡಿಸೆಂಬರ್‌ನಲ್ಲಿ ಹಿಮದ ಕಾಟಕ್ಕೆ ಎನ್‌ಎಫ್‌ಎಲ್‌ನ ನಿರ್ಣಾಯಕ ಪಂದ್ಯವನ್ನೇ ಷಿಕಾಗೊ ಸ್ಟೇಡಿಯಂ ಒಳಗೆ, ಸರ್ಕಸ್ಸಿನವರು ಬಿಟ್ಟುಹೋದ ಮಣ್ಣಿನ ಮೇಲೆ, 80 ಗಜದ ಮೊಟಕು ಅಂಗಳದಲ್ಲಿ ಆಡಿಸಿದ್ದರು. ಷಿಕಾಗೊ ಬೇರ್ಸ್ 9–0ರಿಂದ ಗೆದ್ದಿತು. ಆದರೆ ಅದು ದೊಡ್ಡ ಆಟವನ್ನು ಸಣ್ಣ ಜಾಗಕ್ಕೆ ತುರುಕಿದ್ದಷ್ಟೆ. ಫೋಸ್ಟರ್ ಜಾಗವನ್ನು ನೋಡಿ ಆಟವನ್ನೇ ಬೇರೆ ಹೊಲಿದರು.

ಅಳತೆ ಹಾಕಿ ನೋಡಿ. ಉತ್ತರ ಅಮೆರಿಕದ ಐಸ್ ಹಾಕಿ ಅಂಗಳ 200 ಅಡಿ ಉದ್ದ, 85 ಅಡಿ ಅಗಲ. ಅರೀನಾ ಫುಟ್‌ಬಾಲ್‌ನ ಅಂಗಳ 50 ಗಜ, ಅಂದರೆ 150 ಅಡಿ. ಎರಡೂ ತುದಿಯಲ್ಲಿ ಅಂಕ ತೆಗೆಯುವ ಪಟ್ಟಿ, ಅಂದರೆ 8 ಗಜದ ಎಂಡ್‌ಝೋನ್, ತಲಾ 24 ಅಡಿ. ಕೂಡಿದರೆ 198. ಅಗಲ ಅದೇ 85. ಹಾಕಿಯವರ ಕಟಕಟೆಯನ್ನು ಕಳಚಬೇಕಾಗಿಲ್ಲ, ದಪ್ಪ ಫೋಮಿನ ಮೆತ್ತೆ ಹೊದಿಸಿದರೆ ಅದೇ ಪಕ್ಕದ ಗೋಡೆ. ಐಸ್ ಮೇಲೆ ಹೊದಿಕೆ ಹಾಸಿ, ಅದರ ಮೇಲೆ ಚಾಪೆಯಂತೆ ಸುತ್ತಿಟ್ಟ ಕೃತಕ ಹುಲ್ಲು ಬಿಡಿಸಿದರೆ ಮೈದಾನ ಸಿದ್ಧ. ಹೋಲಿಕೆಗೆ ಹೇಳುವುದಾದರೆ ಎನ್‌ಎಫ್‌ಎಲ್ ಮೈದಾನ ಎಂಡ್‌ಝೋನ್ ಬಿಟ್ಟು 100 ಗಜ, ಅಗಲ 160 ಅಡಿ. ಹನ್ನೊಂದು ಜನ ಇಲ್ಲಿ ಹಿಡಿಸುವುದಿಲ್ಲ, ಆದ್ದರಿಂದ ತಂಡಕ್ಕೆ ಎಂಟು.

ಈಗ ಬಲೆಗೆ ಬರೋಣ. ಎಂಡ್‌ಝೋನ್‌ನ ಹಿಂಗೆರೆಯಲ್ಲಿ ಗೋಲುಕಂಬ, ಅದರ ಎಡಕ್ಕೊಂದು ಬಲಕ್ಕೊಂದು ಬಲೆ. ಪ್ರತಿ ಬಲೆ 30 ಅಡಿ ಅಗಲ, 32 ಅಡಿ ಎತ್ತರ, ಕೆಳ ಅಂಚು ನೆಲದಿಂದ 8 ಅಡಿ ಮೇಲೆ. ಎರಡು ಕಂಬಗಳ ನಡುವಿನ ಅಂತರ ಬರೀ 9 ಅಡಿ, ಅಡ್ಡಪಟ್ಟಿ 15 ಅಡಿ ಎತ್ತರದಲ್ಲಿ. ಎನ್‌ಎಫ್‌ಎಲ್‌ನಲ್ಲಿ ಈ ಲೆಕ್ಕ 18 ಅಡಿ 6 ಇಂಚು ಮತ್ತು 10 ಅಡಿ. ಅಂದರೆ ಗುರಿ ಅರ್ಧಕ್ಕಿಂತ ಕಿರಿದು, ಒಂದೂವರೆ ಪಟ್ಟು ಎತ್ತರ. ಇನ್ನೊಂದು ಲೆಕ್ಕ: 30, 9, 30 ಕೂಡಿದರೆ 69 ಅಡಿ. 85 ಅಡಿ ಅಗಲದ ಅಂಗಳದಲ್ಲಿ ಗೋಲಿನ ಕಿಂಡಿ ಬಿಟ್ಟರೆ ಬಹುಪಾಲು ಬಲೆಯೇ. ಒದ್ದವನ ಗುರಿ ಸ್ವಲ್ಪ ತಪ್ಪಿದರೂ ಚೆಂಡು ಪ್ರೇಕ್ಷಕರ ಮಡಿಲಿಗೆ ಹೋಗದೆ ಬಲೆಗೆ ಬಡಿದು ಅಂಗಳಕ್ಕೇ ಮರಳುತ್ತದೆ.

ಮರಳಿದ ಚೆಂಡಿಗೆ ಎರಡು ಬಗೆಯ ಲೆಕ್ಕ ಇದೆ, ಹೊಸಬರು ಎಡವುವುದು ಇಲ್ಲೇ. ಕೈಯಿಂದ ಎಸೆದ ಪಾಸ್ ಬಲೆಗೆ ಬಡಿದು ಬಂದರೆ, ನೆಲ ಮುಟ್ಟುವವರೆಗೆ ಮಾತ್ರ ಜೀವಂತ. ಅಷ್ಟರೊಳಗೆ ದಾಳಿಯವನು ಎಂಡ್‌ಝೋನ್‌ನಲ್ಲಿ ಹಿಡಿದರೆ ಟಚ್‌ಡೌನ್, ರಕ್ಷಣೆಯವನು ಹಿಡಿದರೆ ಇಂಟರ್ಸೆಪ್ಷನ್, ಅಂದರೆ ಚೆಂಡು ಅವರದ್ದು. ನೆಲಕ್ಕೆ ಬಿದ್ದರೆ ಆ ಡೌನ್ ವ್ಯರ್ಥ. ಒದ್ದ ಚೆಂಡಿನ ವಿಷಯ ಬೇರೆ. ಆಟ ಶುರುಮಾಡುವ ಒದೆತ, ಅಂದರೆ ಕಿಕಾಫ್, ಬಲೆಗೆ ಬಡಿದು ನೆಲಕ್ಕೆ ಬಿದ್ದರೂ ಆಟ ನಿಲ್ಲದು. ಸ್ವೀಕರಿಸುವ ತಂಡ ಉದಾಸೀನ ಮಾಡಿದರೆ ಒದ್ದ ತಂಡವೇ ಓಡಿಬಂದು ಎತ್ತಿಕೊಳ್ಳಬಹುದು. ಕಂಬಗಳ ನಡುವೆ ಒದೆಯಲು ಹೋಗಿ ತಪ್ಪಿದ ಫೀಲ್ಡ್ ಗೋಲನ್ನೂ ಎದುರಾಳಿ ಹಿಡಿದು ಓಡಬಹುದು. ನೀವು ವಿಡಿಯೊದಲ್ಲಿ ಕಂಡದ್ದು ಬಹುಶಃ ಕಿಕಾಫ್ ಅಥವಾ ತಪ್ಪಿದ ಫೀಲ್ಡ್ ಗೋಲು, ಎರಡರಲ್ಲೊಂದು.

ಬಲೆಯ ಕೆಳಗೆ ನಿಲ್ಲುವವನ ಕೆಲಸ ಕಾಣುವಷ್ಟು ಸಲೀಸಲ್ಲ. ನೇರವಾಗಿ, ರಭಸದಿಂದ ಬಂದ ಚೆಂಡು ಬಲೆಯಿಂದ ದೂರಕ್ಕೆ ಚಿಮ್ಮುತ್ತದೆ. ಎತ್ತರಕ್ಕೆ ಹೋಗಿ ಮೇಲಿನಿಂದ ಇಳಿದದ್ದು ಬಲೆಗೆ ತಗುಲಿ ಹೆಚ್ಚುಕಮ್ಮಿ ಅಲ್ಲೇ ಜಾರಿ ಬೀಳುತ್ತದೆ. ಸಡಿಲ ಬಲೆ ರಭಸ ನುಂಗುತ್ತದೆ, ಬಿಗಿ ಬಲೆ ಹಿಂದಕ್ಕೆ ಒದೆಯುತ್ತದೆ. ಇದರ ಮೇಲೆ ಚೆಂಡು ಗುಂಡಗಿಲ್ಲ. ಚೂಪು ತುದಿ ತಗುಲಿತೋ ಹೊಟ್ಟೆ ತಗುಲಿತೋ ಎಂಬುದರ ಮೇಲೆ ದಿಕ್ಕೇ ಬದಲು. ಆತುರದವನು ಬಲೆಯ ಬುಡಕ್ಕೇ ಹೋಗಿ ನಿಂತು, ತಲೆಯ ಮೇಲಿಂದ ಹಾರಿಹೋದ ಚೆಂಡನ್ನು ತಿರುಗಿ ಅಟ್ಟಿಸಿಕೊಂಡು ಹೋಗುತ್ತಾನೆ. ಪಳಗಿದವನು ನಾಲ್ಕು ಹೆಜ್ಜೆ ಮುಂದೆಯೇ ನಿಂತು, ಮುಖ ಬಲೆಯ ಕಡೆಗಿಟ್ಟು, ಚೆಂಡು ತಗುಲುವ ಎತ್ತರ ನೋಡಿಕೊಂಡು ಆಮೇಲೆ ಕಾಲು ಕೀಳುತ್ತಾನೆ. ಅದೇ ವಿಡಿಯೊ ಇನ್ನೊಮ್ಮೆ ಹಾಕಿ, ಚೆಂಡನ್ನು ಬಿಟ್ಟು ಅವನ ಪಾದ ಮಾತ್ರ ನೋಡಿ.

ಕಂಬದ ನಡುವೆಯೋ ಗೋಡೆಯಾಚೆಗೋ ಪ್ರೇಕ್ಷಕರ ಕಡೆ ಹಾರಿಹೋದ ಚೆಂಡು ಹಿಡಿದವರಿಗೇ ಸೇರಿದ್ದು ಎಂಬುದು ಈ ಲೀಗಿನ ವಾಡಿಕೆಯಾಗಿತ್ತು. ಮಕ್ಕಳು ಮುಂದಿನ ಸಾಲಿನ ಟಿಕೆಟಿಗೆ ಹಟ ಹಿಡಿಯುತ್ತಿದ್ದುದರ ಗುಟ್ಟು ಇದು.

ಪಂಟ್ ವಿಷಯ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ನಾಲ್ಕು ಯತ್ನದೊಳಗೆ, ಅಂದರೆ ನಾಲ್ಕು ಡೌನ್‌ಗಳಲ್ಲಿ, 10 ಗಜ ಮುಂದುವರಿಯಬೇಕು. ದೊಡ್ಡ ಮೈದಾನದಲ್ಲಿ ಮೂರು ಯತ್ನ ಸೋತ ತಂಡ ನಾಲ್ಕನೆಯದರಲ್ಲಿ ಚೆಂಡನ್ನು ದೂರಕ್ಕೆ ಒದ್ದು ಕೈತೊಳೆದುಕೊಳ್ಳುತ್ತದೆ. ಅದೇ ಪಂಟ್. ಅರೀನಾದಲ್ಲಿ ಅದು ನಿಷಿದ್ಧ. 50 ಗಜದ ಅಂಗಳದಲ್ಲಿ ಪಂಟ್‌ಗೆ ಅವಕಾಶ ಕೊಟ್ಟರೆ ಪ್ರತಿ ಒದೆತವೂ ಬಲೆಗೇ ಬಡಿಯುತ್ತಿತ್ತು, ಆಟ ಒದೆದಾಟವಾಗುತ್ತಿತ್ತು. ಉಳಿಯುವುದು ಎರಡೇ ದಾರಿ: ಮತ್ತೊಮ್ಮೆ ನುಗ್ಗು, ಇಲ್ಲವೇ ಫೀಲ್ಡ್ ಗೋಲಿಗೆ ಒದೆ. ಪ್ರೊ ಕಬಡ್ಡಿ ನೋಡುವವರಿಗೆ ‘ಡೂ ಆರ್ ಡೈ’ ರೈಡ್ ಗೊತ್ತಿದೆಯಲ್ಲ, ನಾಲ್ಕನೇ ಡೌನ್ ಪ್ರತಿ ಸಲವೂ ಅದೇ.

ಯಾವ ದಾರಿ ಹಿಡಿಯಬೇಕು ಎಂಬುದಕ್ಕೆ ಸರಳ ಕೂಡಿಕೆ ಇದೆ. ತಂಡ ಅಂಗಳದ ಮಧ್ಯದಲ್ಲಿದ್ದರೆ ಎದುರು ಗೆರೆಗೆ 25 ಗಜ. ಎಂಡ್‌ಝೋನ್‌ನ 8 ಸೇರಿಸಿ. ಚೆಂಡನ್ನು ನೆಲಕ್ಕಿಟ್ಟು ಹಿಡಿಯುವವನು ಸುಮಾರು 7 ಗಜ ಹಿಂದೆ ಕೂತಿರುತ್ತಾನೆ, ಅದನ್ನೂ ಸೇರಿಸಿ. 40 ಗಜದ ಒದೆತ. ತಮ್ಮದೇ 5 ಗಜದ ಗೆರೆಯ ಬಳಿ ಸಿಕ್ಕಿಬಿದ್ದಿದ್ದರೆ 60 ಗಜ, ಅದೂ 9 ಅಡಿಯ ಕಿಂಡಿಗೆ. ತಪ್ಪಿದರೆ ಚೆಂಡು ಬಲೆಯಿಂದ ಎದುರಾಳಿಯ ಕೈಗೆ. ಆಗ ಮೈದಾನದಲ್ಲಿ ಇರುವವರು ಒದೆಯುವವನೂ ಅವನನ್ನು ಕಾಯಲು ನಿಂತ ಭಾರಿ ಮೈಯವರೂ. ಹಗುರ ಕಾಲಿನ ಓಟಗಾರನನ್ನು ಹಿಡಿಯಲು ಇವರಿಂದ ಆಗದು. ಹಾಗಿದ್ದೂ ಒದೆಯುವ ಕೋಚ್‌ಗಳಿದ್ದರು, ಏಕೆಂದರೆ ನುಗ್ಗಿ ಸೋತರೆ ಎದುರಾಳಿಗೆ ಟಚ್‌ಡೌನ್ ಐದೇ ಗಜ ದೂರ.

ಅಂಕಗಳು ಬಹುಮಟ್ಟಿಗೆ ದೊಡ್ಡ ಆಟದ್ದೇ: ಟಚ್‌ಡೌನ್‌ಗೆ 6, ನಂತರದ ಒದೆತಕ್ಕೆ 1, ಅದನ್ನೇ ಓಡಿ ಅಥವಾ ಪಾಸ್ ಮಾಡಿ ದಾಟಿಸಿದರೆ 2, ಫೀಲ್ಡ್ ಗೋಲಿಗೆ 3, ಸೇಫ್ಟಿಗೆ (ಎದುರಾಳಿಯನ್ನು ಅವರದೇ ಎಂಡ್‌ಝೋನ್‌ನಲ್ಲಿ ಕೆಡವಿದರೆ) 2. ಹೊಸದೆಂದರೆ ಡ್ರಾಪ್ ಕಿಕ್. ಯಾರೂ ಹಿಡಿದುಕೊಳ್ಳದೆ, ಚೆಂಡನ್ನು ಕೈಯಿಂದ ನೆಲಕ್ಕೆ ಬಿಟ್ಟು, ಪುಟಿಯುವ ಕ್ಷಣದಲ್ಲೇ ಒದ್ದರೆ ಫೀಲ್ಡ್ ಗೋಲಿಗೆ 4, ಹೆಚ್ಚುವರಿ ಒದೆತಕ್ಕೆ 2. ಎನ್‌ಎಫ್‌ಎಲ್‌ನಲ್ಲಿ ದಶಕಗಳಿಂದ ಮೂಲೆ ಸೇರಿದ್ದ ಕಲೆಗೆ ಇಲ್ಲಿ ಬೋನಸ್ ಸಿಕ್ಕಿತು.

ದಾಳಿಯ ಕಡೆಗಿನ ದೊಡ್ಡ ರಿಯಾಯಿತಿ ‘ಹೈ ಮೋಷನ್’. ಚೆಂಡು ಆಟಕ್ಕೆ ಬರುವ ಮೊದಲೇ ಪಾಸ್ ಹಿಡಿಯುವ ಒಬ್ಬ ರಿಸೀವರ್ ಚೆಂಡಿಟ್ಟ ಗೆರೆಯ ಕಡೆಗೆ ಪೂರ್ತಿ ವೇಗದಲ್ಲಿ ಓಡಿ ಬರಬಹುದು. ಎನ್‌ಎಫ್‌ಎಲ್‌ನಲ್ಲಿ ಹೀಗೆ ಮುಂದಕ್ಕೆ ಚಲಿಸಿದರೆ ದಂಡ. ಕಾಯುವವನು ನಿಂತಲ್ಲಿಂದ ಓಡಬೇಕು, ಬರುವವನು ಓಡುತ್ತಲೇ ಇದ್ದಾನೆ. ಮೊದಲ ಐದು ಗಜದಲ್ಲೇ ಲೆಕ್ಕ ಮುಗಿಯಿತು. ಆದರೆ ಅರ್ಧ ಹೆಜ್ಜೆ ಬೇಗ ಗೆರೆ ದಾಟಿದರೂ ಆಟ ರದ್ದು, ದಂಡ ಬೇರೆ. ಹಾಗಾಗಿ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಕೂಗಿಗೂ ರಿಸೀವರ್‌ನ ಹೆಜ್ಜೆಗೂ ತಾಳ ಕೂಡಬೇಕು. ಹೊಸ ತಂಡಗಳ ಮೊದಲ ಪಂದ್ಯಗಳಲ್ಲಿ ದಂಡ ಸಾರುವ ರೆಫರಿಯ ಹಳದಿ ಕರವಸ್ತ್ರ ಹೆಚ್ಚು ಬೀಳುತ್ತಿದ್ದುದಕ್ಕೆ ಈ ತಾಳತಪ್ಪೂ ಒಂದು ಕಾರಣ. ರಕ್ಷಣೆಗೆ ಮಾತ್ರ ಕೈಕಟ್ಟು. ಮುಂದಿನ ಸಾಲಿನಲ್ಲಿ ಮೂವರು. ಹಿಂದಿನ ಇಬ್ಬರು ಲೈನ್‌ಬ್ಯಾಕರ್‌ಗಳಲ್ಲಿ ‘ಮ್ಯಾಕ್’ ಎಂಬವನು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಬಹುದು, ‘ಜ್ಯಾಕ್’ ನುಗ್ಗುವಂತಿಲ್ಲ. ಇಂಥ ಇಕ್ಕಟ್ಟಿನಲ್ಲಿ ಎಲ್ಲರಿಗೂ ನುಗ್ಗಲು ಬಿಟ್ಟರೆ ಪಾಸ್ ಎಸೆಯುವುದೇ ಆಗುತ್ತಿರಲಿಲ್ಲ. ಪಂದ್ಯ 59–56ರಂಥ ಅಂಕದಲ್ಲಿ ಮುಗಿಯುವುದು ರಕ್ಷಣೆಯವರ ಸೋಮಾರಿತನದಿಂದಲ್ಲ, ಬರೆದಿಟ್ಟ ನಿಯಮದಿಂದ.

2006ಕ್ಕೆ ಮೊದಲು ಪಕ್ಕದ ಗೆರೆಗೂ ಗೋಡೆಗೂ ನಡುವೆ ಸ್ವಲ್ಪ ಜಾಗವಿತ್ತು, ಚೆಂಡು ಹಿಡಿದವನು ಅಲ್ಲಿ ಕಾಲಿಟ್ಟರೆ ಓಟ ಅಲ್ಲಿಗೇ ಮುಗಿಯುತ್ತಿತ್ತು. ಆಮೇಲೆ ಎದುರಾಳಿ ಅವನನ್ನು ಗೋಡೆಗೆ ಕೆಡವಬೇಕು ಅಥವಾ ಅವನೇ ಗೋಡೆಯಾಚೆ ಬೀಳಬೇಕು ಎಂದಾಯಿತು. ಗಡಿಯಾರದ ವಿಷಯ: 15 ನಿಮಿಷದ ನಾಲ್ಕು ಕ್ವಾರ್ಟರ್, ಪಾಸ್ ತಪ್ಪಿದರೂ ಗಡಿಯಾರ ಓಡುತ್ತಲೇ ಇರುತ್ತದೆ. ಪ್ರತಿ ಅರ್ಧದ ಕೊನೆಯ ಒಂದು ನಿಮಿಷ ಮಾತ್ರ ಮಾಮೂಲಿಯಂತೆ ನಿಲ್ಲುತ್ತದೆ. ಆ ಕೊನೆಯ ನಿಮಿಷದಲ್ಲಿ ಅಂಕದಲ್ಲಿ ಮುಂದಿರುವ ತಂಡ ಚೆಂಡನ್ನು ಆರಂಭದ ಗೆರೆಯಿಂದ ಮುಂದೆ ಒಯ್ಯದಿದ್ದರೆ ಗಡಿಯಾರವೇ ನಿಲ್ಲುತ್ತದೆ. ಮಂಡಿಯೂರಿ ಹೊತ್ತು ಕಳೆಯುವ ಎನ್‌ಎಫ್‌ಎಲ್‌ನ ಬೇಸರದ ಆಟಕ್ಕೆ ಇಲ್ಲಿ ಜಾಗವಿಲ್ಲ. ನನ್ನ ಕೇಳಿದರೆ ದೊಡ್ಡ ಲೀಗ್ ಎರವಲು ಪಡೆಯಬೇಕಾದ ನಿಯಮ ಇದೊಂದು.

2007ರವರೆಗೆ ಇದ್ದ ಇನ್ನೊಂದು ನಿಯಮ ‘ಐರನ್‌ಮ್ಯಾನ್’. ಕ್ವಾರ್ಟರ್‌ಬ್ಯಾಕ್, ಒದೆಯುವವ ಮತ್ತು ಕೆಲವೇ ವಿಶೇಷ ಆಟಗಾರರನ್ನು ಬಿಟ್ಟು ಉಳಿದವರೆಲ್ಲ ದಾಳಿ, ರಕ್ಷಣೆ ಎರಡನ್ನೂ ಆಡಬೇಕಿತ್ತು. ಈಗಷ್ಟೇ ಪಾಸ್ ಹಿಡಿದವನು ಮರುಕ್ಷಣ ಲೈನ್‌ಬ್ಯಾಕರ್. ಹೊಸ ಅಭಿಮಾನಿಗಳಿಗಾಗಿ, ಪಳಗಿದ ಆಟಗಾರರಿಗಾಗಿ ಎಂದು ಇದನ್ನು ತೆಗೆದು ಮನಬಂದಂತೆ ಬದಲಾವಣೆಗೆ ಅವಕಾಶ ಕೊಟ್ಟರು. ಆಟ ನಯವಾಯಿತು, ಆದರೆ ಇಬ್ಬಗೆ ಆಡಬಲ್ಲ ಕಡಿಮೆ ಜನರಲ್ಲಿ ತಂಡ ಕಟ್ಟುವ ಅಗ್ಗದ ಲೆಕ್ಕಾಚಾರವೂ ಅಲ್ಲಿಗೆ ಹೋಯಿತು.

ಇನ್ನು ದಿವಾಳಿಯ ಕಥೆ. ಫೋಸ್ಟರ್ ಲಕೋಟೆಯನ್ನು ಕೆಲವು ವರ್ಷ ಪಕ್ಕಕ್ಕಿಟ್ಟಿದ್ದರು. ಯುಎಸ್‌ಎಫ್‌ಎಲ್ ಎಂಬ ವಸಂತಕಾಲದ ಲೀಗ್ ಬಂದಿತ್ತು, ಅವರೂ ಅಲ್ಲಿ ಕೆಲಸಕ್ಕೆ ಸೇರಿದ್ದರು. ಅದು ಕುಸಿಯುತ್ತಿದ್ದಂತೆ 1986ರ ಏಪ್ರಿಲ್‌ನಲ್ಲಿ ಇಲಿನಾಯ್‌ನ ರಾಕ್‌ಫರ್ಡ್‌ನಲ್ಲಿ ಪ್ರಯೋಗಕ್ಕೆಂದೇ ಒಂದು ಪಂದ್ಯ ಆಡಿಸಿದರು. 1987ರ ಜೂನ್ 19ರಂದು ಪಿಟ್ಸ್‌ಬರ್ಗ್‌ನಲ್ಲಿ ಲೀಗ್ ಶುರು: ಪಿಟ್ಸ್‌ಬರ್ಗ್ ಗ್ಲೇಡಿಯೇಟರ್ಸ್ 48, ವಾಷಿಂಗ್ಟನ್ ಕಮಾಂಡೋಸ್ 46. ಡೆನ್ವರ್ ಡೈನಮೈಟ್, ಷಿಕಾಗೊ ಬ್ರೂಸರ್ಸ್ ಸೇರಿ ಒಟ್ಟು ನಾಲ್ಕೇ ತಂಡ. ಮೊದಲ ಅರೀನಾಬೌಲ್, ಅಂದರೆ ಲೀಗಿನ ಫೈನಲ್, ಡೆನ್ವರ್‌ಗೆ.

ಜೂನ್ ಎಂಬುದನ್ನು ಗಮನಿಸಿ. ಬೇಸಿಗೆಯಲ್ಲಿ ಐಸ್ ಹಾಕಿ ಇಲ್ಲ, ಬ್ಯಾಸ್ಕೆಟ್‌ಬಾಲ್ ಇಲ್ಲ, ಕ್ರೀಡಾಂಗಣಗಳು ಖಾಲಿ. ಖಾಲಿ ಬಿದ್ದ ಛತ್ರದ ಮಾಲೀಕ ಬಾಡಿಗೆಯಲ್ಲಿ ಇಳಿಯುತ್ತಾನೆ. ಇಡೀ ವ್ಯವಹಾರ ನಿಂತಿದ್ದು ಆ ಇಳಿಕೆಯ ಮೇಲೆ. ಎರಡನೇ ಆಸರೆ ಪೇಟೆಂಟ್. ಬಲೆ ಮತ್ತು ಆಟದ ವಿಧಾನಕ್ಕೆ 1990ರ ಮಾರ್ಚ್‌ನಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಬೇರೆ ಒಳಾಂಗಣ ಲೀಗ್‌ಗಳು ಹುಟ್ಟಿದವು, ಆದರೆ ಬಲೆ ಕಟ್ಟುವಂತಿರಲಿಲ್ಲ. 2007ರ ಸೆಪ್ಟೆಂಬರ್‌ನಲ್ಲಿ ಪೇಟೆಂಟ್ ಅವಧಿ ಮುಗಿಯುವವರೆಗೂ ಹೀಗೆಯೇ.

ತೊಂಬತ್ತರ ದಶಕ ಚೆನ್ನಾಗಿಯೇ ನಡೆಯಿತು. ಡೆಟ್ರಾಯಿಟ್ ಡ್ರೈವ್ ಐದು ವರ್ಷದಲ್ಲಿ ನಾಲ್ಕು ಸಲ ಗೆದ್ದಿತು. ಪಿಟ್ಸ್‌ಬರ್ಗ್ ತಂಡ 1991ರಲ್ಲಿ ಫ್ಲಾರಿಡಾಕ್ಕೆ ಹೋಗಿ ಟ್ಯಾಂಪಾ ಬೇ ಸ್ಟಾರ್ಮ್ ಆಗಿ ಐದು ಪ್ರಶಸ್ತಿ ಗೆದ್ದಿತು. ಅಯೋವಾದಲ್ಲಿ ದಿನಸಿ ಅಂಗಡಿಯ ಕಪಾಟು ತುಂಬುತ್ತಿದ್ದ ಕರ್ಟ್ ವಾರ್ನರ್ 1995ರಿಂದ ಮೂರು ಋತು ಅಯೋವಾ ಬಾರ್ನ್‌ಸ್ಟಾರ್ಮರ್ಸ್‌ಗೆ ಆಡಿದರು. ಎರಡು ಅರೀನಾಬೌಲ್ ತಲುಪಿದರು, ಎರಡನ್ನೂ ಸೋತರು. 2000ದ ಜನವರಿಯಲ್ಲಿ ಅದೇ ವಾರ್ನರ್ ಸೇಂಟ್ ಲೂಯಿಸ್ ರ‍್ಯಾಮ್ಸ್ ಪರ ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದು ಪಂದ್ಯಪುರುಷರಾದರು. ಇಕ್ಕಟ್ಟಿನಲ್ಲಿ ಆಡಿದ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಬೇಗ ಬಿಡಲೇಬೇಕು. ದೊಡ್ಡ ಮೈದಾನದಲ್ಲಿ ಅದೇ ಅವರ ಬಲವಾಯಿತು.

ಪೆಟ್ಟು ಬಿದ್ದದ್ದು ಯಶಸ್ಸಿನ ಹೊತ್ತಲ್ಲೇ. 2003ರಲ್ಲಿ ಎನ್‌ಬಿಸಿ ವಾಹಿನಿ ಬಂತು. ಪ್ರಸಾರದ ಹಕ್ಕಿಗೆ ಲೀಗಿಗೆ ಮುಂಗಡ ಹಣವಿಲ್ಲ, ಆದಾಯದಲ್ಲಿ ಪಾಲು ಮಾತ್ರ. ವಾಹಿನಿಗೆ ಸೂಪರ್ ಬೌಲ್ ಮುಗಿದ ಮರುವಾರದಿಂದ ತುಂಬಿಸಲು ಏನಾದರೂ ಬೇಕಿತ್ತು, ಹಾಗಾಗಿ ಋತುವನ್ನೇ ಫೆಬ್ರವರಿಗೆ ಎಳೆದರು. ಫೆಬ್ರವರಿಯಲ್ಲಿ ಅದೇ ಕ್ರೀಡಾಂಗಣಗಳಲ್ಲಿ ಬ್ಯಾಸ್ಕೆಟ್‌ಬಾಲ್‌ನ ಎನ್‌ಬಿಎ, ಐಸ್ ಹಾಕಿಯ ಎನ್‌ಎಚ್‌ಎಲ್ ಬಿರುಸಾಗಿರುತ್ತವೆ. ಖಾಲಿ ಛತ್ರಕ್ಕೆಂದು ಹೊಲಿದ ಆಟ ಮದುವೆ ಸೀಸನ್ನಿನಲ್ಲಿ ಛತ್ರ ಹುಡುಕುವಂತಾಯಿತು. ಅತ್ತ ಡಲ್ಲಾಸ್‌ನ ಜೆರ‍್ರಿ ಜೋನ್ಸ್, ಅಟ್ಲಾಂಟಾದ ಆರ್ಥರ್ ಬ್ಲ್ಯಾಂಕ್‌ರಂಥ ಎನ್‌ಎಫ್‌ಎಲ್ ಮಾಲೀಕರು ತಂಡ ಕೊಂಡರು, ಫಿಲಡೆಲ್ಫಿಯಾ ಸೋಲ್ ತಂಡದಲ್ಲಿ ರಾಕ್ ಗಾಯಕ ಜಾನ್ ಬಾನ್ ಜೋವಿಗೂ ಪಾಲಿತ್ತು. ಸರಾಸರಿ 12 ಸಾವಿರ ಮೀರಿ ಜನ ಬರುತ್ತಿದ್ದರು. ಆದರೂ ಖರ್ಚು ಟಿಕೆಟ್ ಹಣವನ್ನು ದಾಟಿತ್ತು. 2008ರ ಜುಲೈನಲ್ಲಿ ಸೋಲ್ ತಂಡ 59–56ರಿಂದ ಸ್ಯಾನ್ ಹೋಸೆಯನ್ನು ಸೋಲಿಸಿದ ಹೊತ್ತಿಗೆ ಕಮಿಷನರ್ ಡೇವಿಡ್ ಬೇಕರ್ ರಾಜೀನಾಮೆ ಕೊಟ್ಟಾಗಿತ್ತು. ಹಣಕಾಸು ಕುಸಿತದ ನಡುವೆ ಡಿಸೆಂಬರ್‌ನಲ್ಲಿ 2009ರ ಋತು ರದ್ದು. ಮರುವರ್ಷ ಆಗಸ್ಟ್‌ನಲ್ಲಿ ಮೊದಲ ದಿವಾಳಿ.

ಹೆಸರು, ಲಾಂಛನ, ಹಳೆಯ ಆಸ್ತಿಯನ್ನೆಲ್ಲ ಹೊಸ ಕೂಟವೊಂದು 61 ಲಕ್ಷ ಡಾಲರಿಗೆ ಕೊಂಡು 2010ರಲ್ಲಿ ಮತ್ತೆ ಶುರುಮಾಡಿತು. ಆಟಗಾರನಿಗೆ ಪಂದ್ಯಕ್ಕೆ 400 ಡಾಲರ್. 2012ರಲ್ಲಿ ಸಂಬಳದ ಜಗಳ ಎಲ್ಲಿಗೆ ಮುಟ್ಟಿತೆಂದರೆ, ಒರ್ಲಾಂಡೊದಲ್ಲಿ ಋತುವಿನ ಮೊದಲ ಪಂದ್ಯಕ್ಕೆ ಮುನ್ನ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದ ಪಿಟ್ಸ್‌ಬರ್ಗ್ ಆಟಗಾರರನ್ನು ಮಾಲೀಕರು ಅಲ್ಲೇ ಕೆಲಸದಿಂದ ತೆಗೆದರು. ಅಯೋವಾ ಬಾರ್ನ್‌ಸ್ಟಾರ್ಮರ್ಸ್, ಅರಿಜೋನಾ ರ‍್ಯಾಟ್ಲರ್ಸ್‌ರಂಥ ಗಟ್ಟಿ ತಂಡಗಳು ಕಡಿಮೆ ಖರ್ಚಿನ ಇಂಡೋರ್ ಫುಟ್‌ಬಾಲ್ ಲೀಗಿಗೆ ಹೋದವು. ಮೊದಲ ನಾಲ್ಕರ ಕೊನೆಯ ಕುಡಿಯಾಗಿದ್ದ ಟ್ಯಾಂಪಾ ಬೇ 2017ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. 2018ರಲ್ಲಿ ಉಳಿದದ್ದು ನಾಲ್ಕು ತಂಡ, ನಾಲ್ಕೂ ಪ್ಲೇಆಫ್‌ಗೆ. ಹನ್ನೆರಡರಲ್ಲಿ ಎರಡೇ ಪಂದ್ಯ ಗೆದ್ದಿದ್ದ ವಾಷಿಂಗ್ಟನ್ ವೇಲರ್ ಆ ವರ್ಷದ ಚಾಂಪಿಯನ್! 2019ರ ನವೆಂಬರ್‌ನಲ್ಲಿ ಎರಡನೇ ದಿವಾಳಿ. 2024ರಲ್ಲಿ 16 ತಂಡಗಳೆಂದು ಸಾರಿ ಮರುಜೀವ ಕೊಟ್ಟರು. ಕೆಲವೇ ವಾರಗಳಲ್ಲಿ ತಂಡಗಳು ಒಂದೊಂದಾಗಿ ಕಳಚಿಕೊಂಡವು. ಫೈನಲ್ ನಡೆದದ್ದು ನ್ಯೂಜೆರ್ಸಿಯ ಒಂದು ಮಾಲ್ ಒಳಗೆ. ಉಳಿದ ಕೆಲವರು ಸೇರಿ 2025ರಲ್ಲಿ ಅರೀನಾ ಫುಟ್‌ಬಾಲ್ ಒನ್ ಎಂಬ ಹೆಸರಲ್ಲಿ ಆಡಿದರು.

ನಿಮ್ಮ ಅಳಿಯನ ಜತೆ ಇಂಥ ಪಂದ್ಯ ಕಣ್ಣಾರೆ ನೋಡುವ ಯೋಚನೆ ಇದ್ದರೆ ಟಿಕೆಟ್ ತೆಗೆಯುವ ಮುನ್ನ ಯಾವ ಲೀಗ್ ಎಂದು ಕೇಳಿ. 2009ರಿಂದ ಆಡುತ್ತಿರುವ ಇಂಡೋರ್ ಫುಟ್‌ಬಾಲ್ ಲೀಗಿನಲ್ಲಿ ಗೋಡೆ ಇದೆ, 50 ಗಜದ ಅಂಗಳವೂ ಇದೆ, ಬಲೆ ಇಲ್ಲ. ಅಲ್ಲಿ ತಪ್ಪಿದ ಒದೆತ ಗೋಲುಕಂಬದ ಹಿಂದಿನ ಸೀಟುಗಳಿಗೇ ಹೋಗುತ್ತದೆ. ಅಲ್ಲಿ ಕೂರುವುದಾದರೆ ಕಾಫಿ ಲೋಟ ಕೈಯಲ್ಲಿ ಹಿಡಿಯಬೇಡಿ.